ಆನಂದ್ ಆಡಿದ ಒಂದು ಆಟ, ನಾನು ಆಡಿದ ಒಂದು ಆಟ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, "ಬಿ.ಇ. ಮಾಡಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೀರಿ, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ" ಅಂದಿದ್ದರು. ಚೆಸ್ ಬಗ್ಗೆ ಮಾತಾಡಲೇ ಎಂದು ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ "ಆಗಲಿ, ಕಂಪ್ಯೂಟರ್ ಕೂಡ ಚೆಸ್ ಆಡುತ್ತಲ್ಲ" ಅಂದರು. ಹಾಗೆ ಸಿಕ್ಕ ಅನುಮತಿ ಇದು.

ಈ ಶಾಲೆಯಲ್ಲಿ ನನ್ನ ಕಾಲದಲ್ಲಿ ಇದ್ದದ್ದು ಒಂದೇ ಚೆಸ್ ಬೋರ್ಡು. ಸ್ಟಾಫ್ ರೂಮಿನ ಬೀರುವಿನ ಮೇಲೆ ಇರುತ್ತಿತ್ತು. ರಟ್ಟಿನ ಬೋರ್ಡು, ನಡುವೆ ಮಡಿಕೆ ಹರಿದು ಎರಡು ಹೋಳಾಗಿತ್ತು. ಬಿಳಿಯ ಒಂದು ಆನೆ ಕಳೆದುಹೋಗಿತ್ತು, ಅದರ ಜಾಗದಲ್ಲಿ ಸೀಮೆಸುಣ್ಣದ ತುಂಡು ನಿಲ್ಲಿಸುತ್ತಿದ್ದೆವು. ಮಧ್ಯಾಹ್ನ ಬುತ್ತಿ ಉಂಡ ಮೇಲೆ ಗಣಿತದ ಮೇಷ್ಟ್ರನ್ನು ಕೇಳಿ ಅದನ್ನು ತಂದು ಜಗುಲಿಯ ಮೇಲೆ ಹರಡಿದರೆ ಗಂಟೆ ಹೊಡೆಯುವವರೆಗೂ ನಾವಿಬ್ಬರೇ: ನಾನು, ಮತ್ತು ನನ್ನ ಒಬ್ಬ ಗೆಳೆಯ. ಅವನ ಹೆಸರು ಹೇಳಬೇಡ ಎಂದು ಅವನೇ ಹೇಳಿದ್ದಾನೆ. ಹತ್ತು ಆಟ ಆಡಿದರೆ ಎಂಟು ಅವನದು. ನನ್ನ ಓರಗೆಯವರಿಗೆ ಯಾರೆಂದು ಗೊತ್ತಾಗಿರಬೇಕು, ಆಗಲೇ ನಗುತ್ತಿದ್ದಾರೆ.

ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಇನ್ನೊಂದು ಊರಿನ ಇನ್ನೊಂದು ಆಟ.

ನೆದರ್ಲೆಂಡ್ಸ್ ದೇಶದಲ್ಲಿ ಸಮುದ್ರದ ಪಕ್ಕ ವೈಕ್ ಆನ್ ಜೀ ಎಂಬ ಊರಿದೆ. ಸಣ್ಣ ಊರು. ಹತ್ತಿರದಲ್ಲೇ ದೊಡ್ಡ ಉಕ್ಕಿನ ಕಾರ್ಖಾನೆ. ಆ ಕಾರ್ಖಾನೆಯ ನೌಕರರು 1938ರಲ್ಲಿ ತಮ್ಮ ತಮ್ಮಲ್ಲೇ ಶುರು ಮಾಡಿದ ಚೆಸ್ ಟೂರ್ನಿ ಬೆಳೆದು ಬೆಳೆದು ಜಗತ್ತಿನ ದೊಡ್ಡ ಟೂರ್ನಿಗಳಲ್ಲಿ ಒಂದಾಯಿತು. ಕಾರ್ಖಾನೆ ಈಗ ಟಾಟಾದವರದು, ಹಾಗಾಗಿ ಟೂರ್ನಿಯ ಹೆಸರು ಟಾಟಾ ಸ್ಟೀಲ್. ಯುದ್ಧ ಮುಗಿದ ಹೊಸದರಲ್ಲಿ ಊಟಕ್ಕೆ ಕಷ್ಟವಿದ್ದಾಗ ಬಟಾಣಿ ಸೂಪ್ ಬಡಿಸಿದ್ದರಂತೆ. ಇವತ್ತಿಗೂ ಟೂರ್ನಿಯ ಕೊನೆಯ ಊಟದಲ್ಲಿ ಬಟಾಣಿ ಸೂಪ್ ಇರಲೇಬೇಕು. ನಮ್ಮೂರಿನ ಜಾತ್ರೆಯ ಊಟದ ಹಾಗೆ, ಪದ್ಧತಿ ಬಿಡುವಂತಿಲ್ಲ.

2013ರಲ್ಲಿ ನಡೆದದ್ದು 75ನೇ ಟೂರ್ನಿ. ಜನವರಿ 15, ಮಂಗಳವಾರ, ನಾಲ್ಕನೇ ಸುತ್ತು. ಸಂಕ್ರಾಂತಿಯ ಮರುದಿನ. ಹಬ್ಬಕ್ಕೆ ಊರಿಗೆ ಬಂದು ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ವಾಪಸಾಗಿದ್ದೆ, ಅವ್ವ ಕಟ್ಟಿಕೊಟ್ಟ ಎಳ್ಳುಬೆಲ್ಲ ಚೀಲದಲ್ಲೇ ಇತ್ತು. ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಗಿತ್ತು. ನಿಜ ಹೇಳಬೇಕೆಂದರೆ, ಬಿಟ್ಟು ಬಂದುಬಿಡೋಣ ಅನ್ನಿಸುತ್ತಿದ್ದ ದಿನಗಳು. ಮೀಟಿಂಗಿನಲ್ಲಿ ಯಾರಾದರೂ ಪ್ರಶ್ನೆ ಹಾಕಿದರೆ ಪಟ್ಟಣದ ಶಾಲೆಗಳಲ್ಲಿ ಓದಿದವರು ಅರಳು ಹುರಿದ ಹಾಗೆ ಉತ್ತರ ಕೊಡುತ್ತಿದ್ದರು. ನನಗೆ ಉತ್ತರ ಹೊಳೆಯುತ್ತಿದ್ದದ್ದು ರಾತ್ರಿ ಮಲಗಿದ ಮೇಲೆ. ಇವರ ತಲೆಯೇ ಬೇರೆ, ನಮ್ಮದೇ ಬೇರೆ ಎಂದುಕೊಂಡಿದ್ದೆ.

ಆ ಸಂಜೆ ರೂಮಿನಲ್ಲಿ ಕೂತು ಕಂಪ್ಯೂಟರಿನಲ್ಲಿ ನೇರ ಆಟ ನೋಡುತ್ತಿದ್ದೆ. ಬಿಳಿ ಕಾಯಿ ಅರ್ಮೇನಿಯಾದ ಲೆವೊನ್ ಆರೋನಿಯನ್ ಅವರದು. ಆಗ ಜಗತ್ತಿನ ಮೊದಲ ಐವರು ಆಟಗಾರರಲ್ಲಿ ಒಬ್ಬರು. ಅವರ ದೇಶದ ಶಾಲೆಗಳಲ್ಲಿ 2011ರಿಂದ ಚೆಸ್ ಒಂದು ಕಡ್ಡಾಯ ಪಾಠ. ಮೇಷ್ಟ್ರುಗಳು ಗಾಬರಿಯಾಗಬೇಡಿ, ನಮ್ಮಲ್ಲೂ ತನ್ನಿ ಎಂದು ಹೇಳುತ್ತಿಲ್ಲ. ಕಪ್ಪು ಕಾಯಿ ನಮ್ಮ ವಿಶ್ವನಾಥನ್ ಆನಂದ್ ಅವರದು. ವಯಸ್ಸು 43. ವಿಶ್ವ ಚಾಂಪಿಯನ್ ಹೌದು, ಆದರೆ ಕೆಲವು ಕಾಲದಿಂದ ಆಟ ಮಂಕಾಗಿತ್ತು. ಹಿಂದಿನ ವರ್ಷ ಮೇ ತಿಂಗಳಲ್ಲಿ ಮಾಸ್ಕೋದಲ್ಲಿ ಇಸ್ರೇಲಿನ ಬೋರಿಸ್ ಗೆಲ್ಫಾಂಡ್ ಎದುರು ಪಟ್ಟ ಉಳಿಸಿಕೊಂಡಿದ್ದರು. ಹನ್ನೆರಡು ಆಟಗಳಲ್ಲಿ 6–6 ಸಮ, ಆಮೇಲೆ ವೇಗದ ಆಟಗಳಲ್ಲಿ ಗೆಲುವು. ವಯಸ್ಸಾಯಿತು, ಇನ್ನು ಬಿಡಲಿ ಎಂದು ಬರೆಯುವವರು ಬರೆಯುತ್ತಿದ್ದರು.

ಈಗ ಮಕ್ಕಳು ಈ ಕರಿಹಲಗೆಯ ಕಡೆ ನೋಡಿ. ಕೆಳಗೆ ಬಿಳಿ, ಮೇಲೆ ಕಪ್ಪು. ಎಡದಿಂದ ಬಲಕ್ಕೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಕೆಳಗಿನಿಂದ ಮೇಲಕ್ಕೆ 1ರಿಂದ 8.

ಆರೋನಿಯನ್ ರಾಣಿಯ ಮುಂದಿನ ಕಾಲಾಳನ್ನು ಡಿ4ಕ್ಕೆ ತಂದರು, ಆನಂದ್ ಡಿ5ಕ್ಕೆ. ಬಿಳಿ ಸಿ4, ಕಪ್ಪು ಸಿ6. ಕುದುರೆಗಳು ಹೊರಬಂದವು. ಆಮೇಲೆ ಕಪ್ಪು ಇ6. ಕಪ್ಪು ಕಾಲಾಳುಗಳು ಸಿ6, ಡಿ5, ಇ6ರಲ್ಲಿ ನಿಂತು ಗೋಪುರದ ಆಕಾರ ಆಯಿತು. ಈ ಆರಂಭಕ್ಕೆ ಸೆಮಿ-ಸ್ಲಾವ್ ಎಂದು ಹೆಸರು. ಗಟ್ಟಿಯಾದ ಕಟ್ಟಡ, ಸುಲಭಕ್ಕೆ ಬೀಳುವುದಿಲ್ಲ. ಆದರೆ ಒಂದು ತೊಂದರೆ ಇದೆ. ಸಿ8ರಲ್ಲಿರುವ ಕಪ್ಪು ಒಂಟೆ ನೋಡಿ. ಇ6ರ ಕಾಲಾಳು ಅದರ ಒಂದು ದಾರಿ ಮುಚ್ಚಿದೆ. ಬಿ7ಕ್ಕೆ ಹೋಗಿ ಕೂತರೆ ಅಲ್ಲಿ ಸಿ6ರ ಕಾಲಾಳು ಅಡ್ಡ. ತನ್ನವರೇ ಕಟ್ಟಿದ ಗೋಡೆಯ ಹಿಂದೆ ಅದು ಸಿಕ್ಕಿಕೊಂಡಿದೆ. ಈ ಒಂಟೆಯನ್ನು ಹೊರಗೆ ತರುವುದು ಹೇಗೆ ಎಂಬುದೇ ಈ ಆರಂಭದ ದೊಡ್ಡ ಲೆಕ್ಕ.

ಅದಕ್ಕೆ ಒಂದು ಉತ್ತರ 1924ರಲ್ಲಿ ಇಟಲಿಯ ಮೆರಾನ್ ಎಂಬ ಊರಿನ ಟೂರ್ನಿಯಲ್ಲಿ ಹೆಸರಾಯಿತು. ಪೋಲೆಂಡಿನ ಅಕಿಬಾ ರೂಬಿನ್‌ಸ್ಟೈನ್ ಅಲ್ಲಿ ಗ್ರೂನ್‌ಫೆಲ್ಡ್ ಎದುರು ಆಡಿ ತೋರಿಸಿದರು. ಡಿ5ರ ಕಾಲಾಳಿನಿಂದ ಸಿ4 ಹೊಡೆಯುವುದು. ಬಿಳಿಯ ಒಂಟೆ ಅದನ್ನು ತಿರುಗಿ ಹೊಡೆದಾಗ ಬಿ5 ನೂಕಿ ಅದನ್ನು ಹಿಂದಕ್ಕೆ ಅಟ್ಟುವುದು. ನಮ್ಮ ಒಂಟೆಯನ್ನು ಬಿ7ರಲ್ಲಿ ಕೂರಿಸಿ, ಸಮಯ ನೋಡಿ ಸಿ6ರ ಕಾಲಾಳನ್ನು ಸಿ5ಕ್ಕೆ ನೂಕುವುದು. ನೂಕಿದ ಕೂಡಲೇ ಬಿ7ರಿಂದ ಮೂಲೆಗೆ, ಬಿಳಿ ರಾಜನ ಕೋಟೆಯವರೆಗೆ ದಾರಿ ತೆರೆಯುತ್ತದೆ. ಇದಕ್ಕೆ ಮೆರಾನ್ ಪದ್ಧತಿ ಎನ್ನುತ್ತಾರೆ. ಆನಂದ್ ಹಿಡಿದದ್ದು ಈ ದಾರಿಯನ್ನೇ.

ಹನ್ನೊಂದು ನಡೆಯವರೆಗೆ ಇಬ್ಬರೂ ಮನೆಯವರಂತೆ ಕಾಯಿ ಜೋಡಿಸಿಕೊಂಡರು. ಹನ್ನೆರಡನೆಯದರಲ್ಲಿ ಆರೋನಿಯನ್ ಕುದುರೆಯನ್ನು ಜಿ5ಕ್ಕೆ ಹಾರಿಸಿದರು. ಕಪ್ಪು ರಾಜನ ಪಕ್ಕದ ಎಚ್7 ಕಾಲಾಳಿನ ಮೇಲೆ ಈಗ ಕುದುರೆ, ಒಂಟೆ, ಹಿಂದೆ ರಾಣಿ, ಮೂವರ ಕಣ್ಣು. ನಮ್ಮ ನಿಮ್ಮಂಥವರು ತಕ್ಷಣ ಅದನ್ನು ಕಾಯುತ್ತೇವೆ. ಆನಂದ್ ಆ ಕಡೆ ತಿರುಗಿಯೂ ನೋಡದೆ ಸಿ5 ನೂಕಿದರು. ಒಂಟೆಗೆ ದಾರಿ ಬಿಟ್ಟಿತು. ಆರೋನಿಯನ್ ಕುದುರೆಯಿಂದ ಎಚ್7 ಹೊಡೆದರು, ಅಲ್ಲಿಂದ ಎಫ್8ರ ಆನೆಯ ಮೇಲೂ ಕಣ್ಣು. ಆನಂದ್ ಮತ್ತೆ ರಕ್ಷಣೆಗೆ ಹೋಗಲಿಲ್ಲ. ತಮ್ಮ ಕುದುರೆಯನ್ನು ಜಿ4ಕ್ಕೆ ತಂದು ಎಚ್2ಕ್ಕೆ ಗುರಿಯಿಟ್ಟರು. ಬಿಳಿ ಈಗಲೇ ಆನೆಗೆ ಆಸೆಪಟ್ಟರೆ ಡಿ6ರ ಒಂಟೆ ಎಚ್2 ಹೊಡೆದು ಚೆಕ್, ಅದರ ಹಿಂದೆಯೇ ರಾಣಿ ಎಚ್4ಕ್ಕೆ. ಅದಕ್ಕೇ ಆರೋನಿಯನ್ ಎಫ್4 ನೂಕಿ ಆ ಒಂಟೆಯ ದಾರಿ ಕಟ್ಟಿದರು.

ಕಪ್ಪು ಡಿ4 ಹೊಡೆಯಿತು, ಬಿಳಿ ತಿರುಗಿ ಹೊಡೆಯಿತು. ಆನಂದ್ ಹದಿನೈದನೇ ನಡೆಗೆ ಡಿ6ರ ಒಂಟೆಯನ್ನು ಸಿ5ಕ್ಕೆ, ಬಿಳಿ ಕಾಲಾಳಿನ ಬಾಯಿಗೇ ತಂದಿಟ್ಟರು. ಆರೋನಿಯನ್ ಅದನ್ನು ಮುಟ್ಟದೆ ಒಂಟೆಯನ್ನು ಇ2ಕ್ಕೆ ಇಳಿಸಿ ಜಿ4ರ ಕುದುರೆಯನ್ನು ಹೆದರಿಸಿದರು. ಹದಿನಾರನೇ ನಡೆ: ಆನಂದ್ ಡಿ7ರಲ್ಲಿದ್ದ ಇನ್ನೊಂದು ಕುದುರೆಯನ್ನು ಇ5ಕ್ಕೆ ಇಟ್ಟರು.

ಆ ನಡೆ ಕಂಡಾಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಇ5ರ ಕುದುರೆಯನ್ನು ಎಫ್4ರ ಕಾಲಾಳು ಹೊಡೆಯಬಹುದು. ಜಿ4ರ ಕುದುರೆಯನ್ನು ಒಂಟೆ ಹೊಡೆಯಬಹುದು. ಸಿ5ರ ಒಂಟೆಯನ್ನು ಡಿ4ರ ಕಾಲಾಳು ಹೊಡೆಯಬಹುದು. ಎಫ್8ರ ಆನೆಯನ್ನು ಕುದುರೆ ಹೊಡೆಯಬಹುದು. ನಾಲ್ಕು ಕಾಯಿ ಬಡಿಸಿದ ಎಲೆಯ ಹಾಗೆ ಎದುರಿಗಿವೆ!

ಒಂದನ್ನು ಮಾತ್ರ ನೋಡೋಣ. ಎಫ್4ರ ಕಾಲಾಳು ಇ5ರ ಕುದುರೆಯನ್ನು ಹೊಡೆಯಿತು ಅನ್ನಿ. ಕಪ್ಪು ರಾಣಿ ಡಿ4ರ ಕಾಲಾಳನ್ನು ಹೊಡೆದು ಚೆಕ್. ಬಿಳಿ ರಾಜ ಮೂಲೆಗೆ, ಎಚ್1ಕ್ಕೆ ಸರಿಯುತ್ತಾನೆ. ಈಗ ರಾಣಿ ನೇರ ಜಿ1ಕ್ಕೆ, ರಾಜನ ಪಕ್ಕಕ್ಕೇ ಹೋಗಿ ಚೆಕ್. ರಾಜ ಅದನ್ನು ಮುಟ್ಟುವಂತಿಲ್ಲ, ಸಿ5ರ ಒಂಟೆಯ ಕಾವಲಿದೆ. ಆನೆಯೇ ಹೊಡೆಯಬೇಕು. ಹೊಡೆದ ಕೂಡಲೇ ಜಿ4ರ ಕುದುರೆ ಎಫ್2ಕ್ಕೆ ಹಾರಿ ಮೇಟ್. ಒಂದು ಪಕ್ಕ ಅವನದೇ ಆನೆ, ಮುಂದೆ ಅವನವೇ ಕಾಲಾಳು, ರಾಜನಿಗೆ ಉಸಿರಾಡಲು ಜಾಗವಿಲ್ಲ. ಎಫ್2ರ ಕುದುರೆಯನ್ನು ಬಿಳಿ ರಾಣಿ ಹೊಡೆಯೋಣವೆಂದರೆ ನಡುವೆ ಇ2ರಲ್ಲಿ ಅವರದೇ ಒಂಟೆ ಅಡ್ಡ ನಿಂತಿದೆ, ಈಗತಾನೇ ತಂದು ನಿಲ್ಲಿಸಿದ್ದು!

ಆರೋನಿಯನ್ ಇದೆಲ್ಲ ನೋಡದಷ್ಟು ದಡ್ಡರಲ್ಲ. ಜಿ4ರ ಕುದುರೆಯನ್ನು ಹೊಡೆದರು. ಸಿ5ರ ಒಂಟೆ ಡಿ4 ಹೊಡೆದು ಚೆಕ್, ರಾಜ ಮೂಲೆಗೆ. ಕಪ್ಪು ಕುದುರೆ ಮತ್ತೆ ಜಿ4ಕ್ಕೆ. ಆರೋನಿಯನ್ ಕೊನೆಗೂ ಎಫ್8ರ ಆನೆ ಹೊಡೆದರು. ಆನೆ ಹೋಯಿತು, ಹೊಡೆದ ಕುದುರೆ ರಾಜನ ಪಕ್ಕದಲ್ಲೇ ಇದೆ, ರಾಜನೇ ಅದನ್ನು ಹೊಡೆಯಬಹುದು. ಆನಂದ್ ಹೊಡೆಯಲಿಲ್ಲ. ಎಫ್ ಸಾಲಿನ ಕಾಲಾಳನ್ನು ಎರಡು ಮನೆ ನೂಕಿ ಬಿಳಿ ರಾಣಿಯ ಓರೆ ದಾರಿ ಮುಚ್ಚಿದರು. ಮುಂದಿನದು ಬೇಗ ಮುಗಿಯಿತು. ಬಿಳಿ ಕುದುರೆ ಜಿ6ಕ್ಕೆ ಬಂದು ಪ್ರಾಣ ಕೊಟ್ಟಿತು. ಬಿಳಿ ರಾಣಿ ಡಿ3ಕ್ಕೆ ಬಂದು ಎಚ್3ರ ಕಾಲಾಳನ್ನು ಕಾಯುತ್ತಾ ನಿಂತಿತು. 23ನೇ ನಡೆಗೆ ಆನಂದ್ ಡಿ4ರ ಒಂಟೆಯನ್ನು ಒಂದೇ ಮನೆ, ಇ3ಕ್ಕೆ ಸರಿಸಿ ಆ ರಾಣಿಗೆ ಅಡ್ಡ ನಿಲ್ಲಿಸಿದರು. ಆರೋನಿಯನ್ ಕೈಕುಲುಕಿ ಸೋಲೊಪ್ಪಿದರು.

ಅಲ್ಲಿ ನಿಲ್ಲಿಸಿ ಬೋರ್ಡನ್ನು ಒಮ್ಮೆ ನೋಡಿ. ಕಪ್ಪಿಗೆ ಒಂದು ಆನೆ ಕಡಿಮೆ, ಅದಕ್ಕೆ ಬದಲು ಒಂದು ಒಂಟೆ ಹೆಚ್ಚು. ಲೆಕ್ಕದಲ್ಲಿ ಬಿಳಿಯೇ ಮುಂದೆ. ಆದರೆ ಕಪ್ಪು ರಾಣಿ ಎಚ್3 ಹೊಡೆದರೆ ಜಿ2ರ ಕಾಲಾಳು ಅದನ್ನು ಹೊಡೆಯುವಂತಿಲ್ಲ. ಏಕೆ? ಅದು ಜಾಗ ಬಿಟ್ಟರೆ ದೂರದ ಬಿ7ರಿಂದ ಒಂಟೆಯ ಚೆಕ್ ರಾಜನಿಗೇ ತಗಲುತ್ತದೆ. ಮೊದಲು ಗೋಡೆಯ ಹಿಂದೆ ಸಿಕ್ಕಿಕೊಂಡಿತ್ತು ಎಂದೆನಲ್ಲ, ಅದೇ ಒಂಟೆ. ಬಿ7ಕ್ಕೆ ಬಂದ ಮೇಲೆ ಇಡೀ ಆಟದಲ್ಲಿ ಅದು ಒಂದು ಹೆಜ್ಜೆಯೂ ಇಟ್ಟಿಲ್ಲ.

ಚೆಸ್ ಬಲ್ಲವರಿಗೆ ತಕ್ಷಣ ನೆನಪಾದದ್ದು 1907ರ ಆಟ. ಪೋಲೆಂಡಿನ ಲಾಡ್ಜ್ ನಗರದಲ್ಲಿ ಇದೇ ರೂಬಿನ್‌ಸ್ಟೈನ್ ರಾಟ್ಲೆವಿ ಎಂಬವರ ಎದುರು ಕಪ್ಪು ಕಾಯಿಯಲ್ಲಿ ಎರಡೂ ಒಂಟೆಗಳನ್ನು ಹೀಗೇ ರಾಜನ ಕಡೆ ತಿರುಗಿಸಿ, ರಾಣಿಯನ್ನೇ ಕೊಟ್ಟು ಗೆದ್ದಿದ್ದರು. ಆರಂಭವೂ ಅವರ ದಾರಿ, ಕೊನೆಯೂ ಅವರ ನೆನಪು.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಎಂಥ ತಲೆ, ಗಡಿಯಾರ ಓಡುತ್ತಿರುವಾಗ ಇಂಥದ್ದು ಹೊಳೆಯುವುದೆಂದರೆ! ನನಗೆ ಒಂದು ಮೀಟಿಂಗಿನ ಪ್ರಶ್ನೆಗೆ ಉತ್ತರ ಹೊಳೆಯುವುದಿಲ್ಲ.

ಮರುದಿನ ಆನಂದ್ ಹೇಳಿದ್ದನ್ನು ಓದಿದೆ. ಇದು ಗೆಲ್ಫಾಂಡ್ ಎದುರಿನ ಪಂದ್ಯಕ್ಕೆ ಮಾಡಿಕೊಂಡಿದ್ದ ತಯಾರಿ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅಂದರೆ ಎಂಟು ತಿಂಗಳ ಹಿಂದಿನ ಮನೆಪಾಠ. ವಿಶ್ವ ಚಾಂಪಿಯನ್ ಪಂದ್ಯಕ್ಕೆ ಆನಂದ್ ಒಬ್ಬರೇ ತಯಾರಾಗುತ್ತಿರಲಿಲ್ಲ. ಕೋಲ್ಕತ್ತಾದ ಸೂರ್ಯಶೇಖರ್ ಗಂಗೂಲಿ, ಡೆನ್ಮಾರ್ಕಿನ ಪೀಟರ್ ಹೈನೆ ನೀಲ್ಸನ್, ಪೋಲೆಂಡಿನ ವೊಯ್ತಾಷೆಕ್, ಉಜ್ಬೇಕಿಸ್ತಾನದ ಕಾಸಿಮ್‌ಜಾನೊವ್, ಇಂಥ ಗ್ರ್ಯಾಂಡ್‌ಮಾಸ್ಟರ್‌ಗಳೇ ಜೊತೆಗೆ ಕೂತು ಕಂಪ್ಯೂಟರಿನೊಂದಿಗೆ ಒಂದೊಂದು ಆರಂಭವನ್ನೂ ತಿಂಗಳುಗಟ್ಟಲೆ ಕೆದಕುತ್ತಿದ್ದರು. ಹಾಗೆ ಗೆಲ್ಫಾಂಡ್‌ಗೆಂದು ಕಾದಿಟ್ಟದ್ದು ಅವರ ಮೇಲೆ ಬೀಳಲೇ ಇಲ್ಲ, ಆರೋನಿಯನ್ ಅದೇ ಓಣಿಗೆ ಬಂದರು.

ಓದಿದಾಗ ಮೊದಲು ನಿರಾಸೆಯಾಯಿತು. ಓ, ಬಾಯಿಪಾಠವೇ! ಆಮೇಲೆ ಯೋಚಿಸಿದೆ. ಎಂಟು ತಿಂಗಳ ಹಿಂದೆ ನೋಡಿದ್ದನ್ನು, ಬೇರೆಯವರಿಗೆಂದು ಮಾಡಿದ್ದನ್ನು, ಗಡಿಯಾರದ ಮುಂದೆ ನೆನಪಿಸಿಕೊಂಡು, ಒಂದೊಂದು ನಡೆಯನ್ನೂ ಮತ್ತೆ ತೂಗಿ ನೋಡದೆ ನಾಲ್ಕು ಕಾಯಿ ಎದುರಿಗಿಡಲು ಯಾರಿಗೂ ಧೈರ್ಯ ಬರುವುದಿಲ್ಲ. ಕಾರಣ ಅರ್ಥವಾಗದ ಬಾಯಿಪಾಠ ಅಲ್ಲಿಗೆ ಸಾಲದು. ಇನ್ನೂ ಒಂದು ಸಂಗತಿ ತಲೆಗೆ ಹತ್ತಿತು. ಮೀಟಿಂಗಿನಲ್ಲಿ ಪಟಪಟ ಉತ್ತರ ಹೇಳುವವರಿಗೂ ಅಲ್ಲೇ ಹೊಳೆಯುತ್ತಿರಲಿಲ್ಲ. ಅವರು ಹಿಂದಿನ ರಾತ್ರಿಯೇ ನೋಡಿಕೊಂಡು ಬರುತ್ತಿದ್ದರು. ಆ ಗುಟ್ಟು ನನಗೆ ಯಾರೂ ಹೇಳಿರಲಿಲ್ಲ. ಅವತ್ತಿನಿಂದ ನಾನೂ ನೋಡಿಕೊಂಡು ಹೋಗತೊಡಗಿದೆ, ಕೆಲಸ ಬಿಡುವ ಮಾತು ಹಾಗೇ ತಣ್ಣಗಾಯಿತು.

ಆದರೆ ಅವತ್ತು ನನಗೆ ನಾಟಿದ್ದು ಇದಲ್ಲ. ಆನಂದ್ ಹೇಳಿಬಿಟ್ಟರಲ್ಲ, ಅದು. ಇಡೀ ಜಗತ್ತು ಹೊಗಳುತ್ತಿರುವಾಗ ಸುಮ್ಮನಿರಬಹುದಿತ್ತು. ನಾನು ಸುಮ್ಮನಿದ್ದವನು.

ಒಂಬತ್ತನೇ ತರಗತಿಯಲ್ಲಿ ನಮ್ಮ ಗಣಿತದ ಮೇಷ್ಟ್ರು ಒಂದು ಚೆಸ್ ಪುಸ್ತಕ ಕೊಟ್ಟರು. ಇಂಗ್ಲಿಷಿನದು, ತೆಳ್ಳನೆಯದು. "ಇಬ್ಬರೂ ಸೇರಿ ಓದಿ, ಗೊತ್ತಾಗದ್ದು ಕೇಳಿ" ಎಂದು ನನ್ನ ಕೈಗಿತ್ತರು. ನಾನು ಅದನ್ನು ಮನೆಗೆ ಒಯ್ದು ಟ್ರಂಕಿನ ತಳದಲ್ಲಿಟ್ಟೆ. ಗೆಳೆಯನಿಗೆ ಹೇಳಲೇ ಇಲ್ಲ. ರಾತ್ರಿ ದೀಪದ ಹತ್ತಿರ ನಾನೊಬ್ಬನೇ ಡಿಕ್ಷನರಿ ಇಟ್ಟುಕೊಂಡು ಓದಿದೆ. ಅದರಲ್ಲೊಂದು ಬಲೆ ಇತ್ತು. 18ನೇ ಶತಮಾನದ ಫ್ರಾನ್ಸಿನ ಲೆಗಾಲ್ ಎಂಬವರ ಹೆಸರಿನದು. ನಮ್ಮ ಕುದುರೆ ರಾಣಿಗೆ ಅಡ್ಡ ನಿಂತಿದೆ, ಅದನ್ನು ಎದುರಾಳಿಯ ಒಂಟೆ ಕಟ್ಟಿಹಾಕಿದೆ ಎಂದುಕೊಂಡಿರುತ್ತಾನೆ. ನಾವು ರಾಣಿಯನ್ನು ಬಿಟ್ಟು ಕುದುರೆ ಎತ್ತಿಬಿಡುವುದು. ಅವನು ಆಸೆಗೆ ಬಿದ್ದು ರಾಣಿ ಹೊಡೆದರೆ ಏಳನೇ ನಡೆಗೆ ಮೇಟ್.

ತಾಲ್ಲೂಕಿಗೆ ಒಬ್ಬನನ್ನು ಕಳಿಸಲು ಇದೇ ಜಗುಲಿಯಲ್ಲಿ ಆಯ್ಕೆ ಆಟ ನಡೆಯಿತು. ಸುತ್ತ ಎಲ್ಲ ತರಗತಿಯವರೂ ನಿಂತಿದ್ದರು. ನಾನು ರಾಣಿ ಬಿಟ್ಟೆ. ಅವನು ಒಮ್ಮೆ ನನ್ನ ಮುಖ ನೋಡಿದ, ರಾಣಿ ಹೊಡೆದ. ಏಳನೇ ನಡೆಗೆ ಮೇಟ್. ಹುಡುಗರು ನನ್ನನ್ನು ಎತ್ತಿಕೊಂಡರು. ಅವನು ಕಾಯಿ ಎತ್ತಿಡುತ್ತಾ, "ಲೋ, ಇದು ನಿಂಗೆ ಹೆಂಗೆ ಹೊಳೀತು?" ಅಂದ. "ಸುಮ್ನೆ ಹೊಳೀತು ಕಣೋ" ಅಂದೆ.

ತಾಲ್ಲೂಕಿನಲ್ಲಿ ಎರಡನೇ ಸುತ್ತಿಗೇ ಸೋತೆ. ಎದುರಿನ ಹುಡುಗ ಪುಸ್ತಕದಲ್ಲಿಲ್ಲದ ನಡೆ ಇಟ್ಟ, ಮುಂದೇನೆಂದು ನನಗೆ ಗೊತ್ತಿರಲಿಲ್ಲ. ವಾಪಸು ಬಂದ ಮೇಲೆ ಗೆಳೆಯ ಬೋರ್ಡಿನ ಹತ್ತಿರ ಬರುವುದನ್ನು ಕಡಿಮೆ ಮಾಡಿದ. ಎಸ್ಸೆಸ್ಸೆಲ್ಸಿ ಆದಮೇಲೆ ನಾನು ಪಿಯುಸಿಗೆ ಹೋದೆ, ಅವನು ಹೊಲಕ್ಕೆ. ಆ ಒಂದು ಆಟದಿಂದ ಅವನ ಓದು ನಿಂತಿತು ಎಂದು ಹೇಳುತ್ತಿಲ್ಲ, ಮನೆಯ ಕಾರಣಗಳು ಬೇರೆ ಇದ್ದವು. ಆದರೆ ತಾಲ್ಲೂಕಿಗೆ ಹೋಗಬೇಕಿದ್ದವನು ಅವನು. ಮೆರಾನ್, ಸೆಮಿ-ಸ್ಲಾವ್ ಎಂದು ನಾನು ಇಷ್ಟು ಹೊತ್ತು ಹೇಳಿದೆನಲ್ಲ, ಅದನ್ನೆಲ್ಲ ಓದಲು ಸಿಕ್ಕಿದ್ದರೆ ನನಗಿಂತ ಚೆನ್ನಾಗಿ ಅವನು ಇಲ್ಲಿ ನಿಂತು ಹೇಳುತ್ತಿದ್ದ.

ನಿನ್ನೆ ರಾತ್ರಿ ಅವನ ಮನೆಗೆ ಹೋಗಿದ್ದೆ. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ. ಪುಸ್ತಕದ ವಿಷಯ ಹೇಳಿದೆ, ಮೇಷ್ಟ್ರು ಇಬ್ಬರಿಗೂ ಎಂದು ಕೊಟ್ಟಿದ್ದರೆಂದೂ ಹೇಳಿದೆ. ಅವನು ಕರೆಯುವುದನ್ನು ನಿಲ್ಲಿಸಲಿಲ್ಲ. ಬಹಳ ಹೊತ್ತು ಸುಮ್ಮನಿದ್ದ. ಬಕೆಟ್ ಎತ್ತಿಟ್ಟು ಕೈ ತೊಳೆದು, "ಆ ಆಟ ಹೆಂಗಿತ್ತು, ಒಂದ್ಸಲ ಇಟ್ಟು ತೋರ್ಸು" ಅಂದ. ಫೋನಿನಲ್ಲಿ ತೋರಿಸಲು ಹೋದೆ. ಬೇಡವೆಂದ. ಮಗಳ ಬೋರ್ಡು ತಂದು ನಡುಮನೆಯಲ್ಲಿ ಹರಡಿದ. ನಾನು ರಾಣಿ ಬಿಟ್ಟ ನಡೆಯವರೆಗೆ ಆಡಿದೆವು. ಅಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತ. ಕಾಫಿ ಬಂತು, ಆರಿತು.

ಆಮೇಲೆ ರಾಣಿಯನ್ನು ಮುಟ್ಟದೆ, ಡಿ6ರ ಕಾಲಾಳಿನಿಂದ ನನ್ನ ಕುದುರೆಯನ್ನು ಹೊಡೆದ. "ಈಗ ನಿನ್ನ ರಾಣಿ ನನ್ನ ಒಂಟೆ ಹೊಡೀತದೆ. ಲೆಕ್ಕ ಹಾಕು, ನನಗೆ ಹೋದದ್ದು ಒಂದು ಕಾಲಾಳು. ಒಂದು ಕಾಲಾಳು ತಾನೇ? ಇನ್ನೂ ಆಟ ಇತ್ತು ಕಣೋ."

ಸರಿ ಅದು. ಅಲ್ಲಿ ಕಪ್ಪಿಗೆ ಉಳಿಯುವ ದಾರಿ ಅದೇ. ಯಾವ ಪುಸ್ತಕವನ್ನೂ ನೋಡದೆ ಅವನು ಕಂಡುಹಿಡಿದ.

ಆ ಪುಸ್ತಕ ಟ್ರಂಕಿನಲ್ಲೇ ಇತ್ತು, ಒಂದು ಮೂಲೆ ಗೆದ್ದಲು ತಿಂದಿದೆ. ಅದನ್ನೂ ನಾಲ್ಕು ಹೊಸ ಬೋರ್ಡುಗಳನ್ನೂ ಇವತ್ತು ಬೆಳಿಗ್ಗೆ ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟಿದ್ದೇನೆ. ಆನೆಗಳನ್ನು ಎಣಿಸಿಯೇ ಕೊಟ್ಟಿದ್ದೇನೆ. ಬೀರುವಿಗೆ ಬೀಗ ಹಾಕಬೇಡಿ ಎಂದು ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ. ಗೆಳೆಯನ ಮಗಳು ಎಂಟನೇ ತರಗತಿ, ಈ ಜಮಖಾನದ ಮೇಲೇ ಎಲ್ಲೋ ಕೂತಿದ್ದಾಳೆ. ಊಟವಾದ ಮೇಲೆ ಜಗುಲಿಯಲ್ಲಿ ಅವಳು ನನ್ನ ಜೊತೆ ಒಂದು ಆಟ ಆಡುತ್ತಾಳಂತೆ. ನನಗೆ ಬಿಳಿ ಕಾಯಿ ಬೇಡವೆಂದು ಈಗಲೇ ಹೇಳಿಬಿಡುತ್ತೇನೆ.